ಕಲ್ಲಿನ ರಸಾಯನ ಬಲ್ಲವರು: ಪ್ರೊ. ಸಿ.ಎನ್.ಆರ್. ರಾವ್ ಮತ್ತು ಬೆಂಗಳೂರಿನ ಅಜೈವಿಕ ರಸಾಯನ ಪರಂಪರೆ

ಕರ್ನಾಟಕ-ತಮಿಳುನಾಡು ಗಡಿಯ ಗುಮ್ಮಳಾಪುರದ ಹೆಸರನ್ನು ಇಂಗ್ಲಿಷ್ ಓದುಗರು ಕೇಳಿರುವುದು ಒಂದು ಚಿರತೆಯ ದೆಸೆಯಿಂದ. ಬೇಟೆಗಾರ ಕೆನೆತ್ ಆ್ಯಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಈ ಊರ ನರಭಕ್ಷಕನಿಗೆ ಒಂದು ಅಧ್ಯಾಯವೇ ಮೀಸಲು. ಕನ್ನಡ ಓದಿದವರಿಗೆ ಮಾತ್ರ ಊರಿನ ಪರಿಚಯ ಬೇರೆ ದಾರಿಯಿಂದ ಆಗಿದೆ. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಒಂದನ್ನು ಕಟ್ಟಿಕೊಟ್ಟವರು ಗುಮ್ಮಳಾಪುರದ ಸಿದ್ಧಲಿಂಗಯತಿಗಳು. ಹಿಂದಿನವರು ಕೂಡಿಟ್ಟ ವಚನಗಳನ್ನು ಮತ್ತೆ ಕೈಗೆತ್ತಿಕೊಂಡು, ಜೋಡಣೆಯನ್ನು ಒರೆಗೆ ಹಚ್ಚಿ, ಮುಂದಿನವರ ಕೈಗೆ ದಾಟಿಸಿದ ಕೆಲಸ ಅದು. ಪ್ರಯೋಗಶಾಲೆಯಲ್ಲಿ ನಡೆಯುವುದೂ ಇದೇ. ಒಬ್ಬರು ಬಿಟ್ಟ ಮೇಜಿಗೆ ಇನ್ನೊಬ್ಬರು ಬರುತ್ತಾರೆ, ಹಿಂದಿನವರ ಲೆಕ್ಕವನ್ನು ಇನ್ನೊಮ್ಮೆ ತೂಗಿ ನೋಡುತ್ತಾರೆ, ತಮ್ಮದನ್ನು ಸೇರಿಸಿ ಹೋಗುತ್ತಾರೆ.

ಗಡಿನಾಡಿನ ವಿದ್ಯೆಯನ್ನು ನೆನೆಯುವ ಈ ಸಂಚಿಕೆಯಲ್ಲಿ ರಸಾಯನ ವಿಜ್ಞಾನಿಯೊಬ್ಬರ ಬದುಕನ್ನು ಹೇಳಹೊರಟಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ನಮ್ಮ ಕಾಲ ಕೆಳಗೇ ಬಿದ್ದಿದೆ. ತಳಿ, ದೆಂಕಣಿಕೋಟೆ, ಹೊಸೂರು ಸುತ್ತಲಿನದು ಬಂಡೆಯ ಸೀಮೆ. ಹೊಸೂರಿನ ಚಂದ್ರಚೂಡೇಶ್ವರ ಕೂತಿರುವುದು ಗುಡ್ಡದ ಮೇಲೆ. ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಎಲ್ಲೆಲ್ಲಿಗೋ ಹೋಗುತ್ತದೆ. ಆ ಕಲ್ಲಿನ ಒಂದು ಚೂರನ್ನು ಬಿಸಿಲಿಗೆ ಹಿಡಿದರೆ ಮೂರು ಬಗೆ ಕಾಣುತ್ತವೆ. ಗಾಜಿನಂಥ ಬೆಣಚುಕಲ್ಲು ಸಿಲಿಕಾನ್ ಮತ್ತು ಆಮ್ಲಜನಕ ಕೂಡಿ ಆದದ್ದು. ಬಿಳಿ ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್‌ನಲ್ಲಿ ಇವೆರಡರ ಜೊತೆ ಅಲ್ಯೂಮಿನಿಯಂ, ಪೊಟ್ಯಾಸಿಯಂ, ಸೋಡಿಯಂ ಸೇರಿರುತ್ತವೆ. ಮಿಣಮಿಣ ಹೊಳೆಯುವ ಕಾಗೆಬಂಗಾರ ಪದರಪದರವಾಗಿ ಏಳುತ್ತದೆ. ಭೂಮಿಯ ಹೊರಪದರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಆಮ್ಲಜನಕವೇ. ಲೋಹಗಳೊಡನೆ ಬೆಸೆದು ಅದು ಕಲ್ಲಾಗಿ ಕೂತಿದೆ. ಹೀಗೆ ಕೂತದ್ದರ ಒಳಗುಟ್ಟು ಬಿಡಿಸುವ ಶಾಸ್ತ್ರವೇ ಅಜೈವಿಕ ರಸಾಯನಶಾಸ್ತ್ರ. ನಮ್ಮ ಹಳೆಯ ಪಠ್ಯಪುಸ್ತಕಗಳು ನಿರವಯವ ರಸಾಯನ ಎನ್ನುತ್ತಿದ್ದದ್ದು ಇದನ್ನೇ.

ಎರಡನೆಯ ಕಾರಣ, ಇಲ್ಲಿನ ಮಕ್ಕಳು ಮೇಲಿನ ಓದಿಗೆ ಹಿಡಿಯುವ ದಾರಿ. ಆ ದಾರಿ ಆನೇಕಲ್ ಮೇಲೋ ಹೊಸೂರಿನ ಮೇಲೋ ಹಾದು ಬೆಂಗಳೂರು ಸೇರುತ್ತದೆ. ರಾಜ್ಯಗಳ ಗಡಿ ಗಟ್ಟಿಯಾದದ್ದು 1956ರಲ್ಲಿ. ಅದಕ್ಕೆ ಬಹಳ ಮೊದಲೇ ದಾರಿ ಸವೆದಿತ್ತು.

ಸೆಂಟ್ರಲ್ ಕಾಲೇಜಿನ ಮೆಟ್ಟಿಲು

ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಹೊಸೂರಿನಲ್ಲಿ ಶಾಲೆ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜು ಎಂದು ಹೆಸರಾದ ಈ ಸಂಸ್ಥೆ ಮೊದಲು ಮದರಾಸು ವಿಶ್ವವಿದ್ಯಾನಿಲಯದ ನೆರಳಲ್ಲಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಅದರ ವಿಜ್ಞಾನದ ಮನೆಯಾಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಬುನಾದಿಯಾಯಿತು.

ಆ ಕಾಲೇಜಿನ ರಸಾಯನ ವಿಭಾಗ ಪಾಠ ಹೇಳುವಷ್ಟಕ್ಕೆ ತೃಪ್ತಿಪಟ್ಟುಕೊಂಡಿರಲಿಲ್ಲ. ಎಫ್.ಎಲ್. ಅಷರ್ ಮತ್ತು ಬಿ. ಸಂಜೀವರಾವ್ ಸೇರಿ ಗಾಳಿಯಲ್ಲಿನ ಓಜೋನ್ ಹಾಗೂ ನೈಟ್ರೊಜನ್ ಆಕ್ಸೈಡುಗಳನ್ನು ಅಳೆಯುವ ವಿಧಾನವನ್ನು 1917ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಂಗಳೂರಿನ ಹವೆಯನ್ನು ಇಂದು ಪೆಟ್ಟಿಗೆಗಳಲ್ಲಿ ಅಳೆಯುವವರಿಗೆ ಅಷ್ಟು ಹಿಂದೆಯೇ ಪೂರ್ವಿಕರಿದ್ದರು. 1941ರಲ್ಲಿ ಅದೇ ಕಾಲೇಜಿನಿಂದ ಕೆ. ಸುಬ್ಬರಾವ್ ಅವರ ಪ್ರಬಂಧಮಾಲೆಯೊಂದು ಅಮೆರಿಕದ ಭೌತ ರಸಾಯನ ಪತ್ರಿಕೆಯಲ್ಲಿ ಹೊರಬಂತು. ಅದರ ವಿಷಯ ಕೇಳಲು ಸಣ್ಣದು. ಸಿಲಿಕಾ ಜೆಲ್‌ನಂಥ ಸಚ್ಛಿದ್ರ ವಸ್ತು ನೀರಿನಾವಿಯನ್ನು ಹೀರುವ ದಾರಿಯೇ ಬೇರೆ, ಬಿಡುವ ದಾರಿಯೇ ಬೇರೆ; ಇದು ಏಕೆ ಎಂಬ ಪ್ರಶ್ನೆ. ಟೈಟಾನಿಯಾ ಜೆಲ್ ಮೇಲೂ ಪರೀಕ್ಷೆ ನಡೆಯಿತು, ಕೊನೆಗೆ ಧಾನ್ಯದ ಕಾಳುಗಳ ಮೇಲೂ. ಹೊಸ ಸಾಮಾನಿನ ಡಬ್ಬಿಯೊಳಗೆ ತೇವ ಹೀರಲೆಂದು ಇಡುವ ಸಣ್ಣ ಪೊಟ್ಟಣ ನೋಡಿದ್ದೀರಲ್ಲ, ಅದರೊಳಗಿನ ಹರಳು ಇದೇ ಸಿಲಿಕಾ ಜೆಲ್. ಸಚ್ಛಿದ್ರ ವಸ್ತುಗಳನ್ನು ಕುರಿತ ಚರ್ಚೆಯಲ್ಲಿ ಸೆಂಟ್ರಲ್ ಕಾಲೇಜಿನ ಈ ಪ್ರಬಂಧಗಳು ಈಗಲೂ ತಲೆ ಎತ್ತುತ್ತವೆ.

ದ್ರವಗಾಳಿಯಿಂದ ಬಂದ ನಿರ್ದೇಶಕ

ನಗರದ ಇನ್ನೊಂದು ತುದಿಯಲ್ಲಿ ಅಷ್ಟುಹೊತ್ತಿಗೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಎದ್ದು ನಿಂತಿತ್ತು. ಜೆಮ್‌ಶೆಟ್‌ಜಿ ಟಾಟಾ ಅವರ ಯೋಜನೆಗೆ ಜಾಗ ಗೊತ್ತುಮಾಡಲು ಬ್ರಿಟನ್ನಿನ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಭಾರತ ಸುತ್ತಿ ಬೆಂಗಳೂರನ್ನು ಸೂಚಿಸಿದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು 1907ರಲ್ಲಿ 372 ಎಕರೆ ನೆಲ ಕೊಟ್ಟರು. 1909ರ ಮೇ 27ರಂದು ಸಂಸ್ಥೆಗೆ ಕಾನೂನಿನ ರೂಪ ಬಂತು. 1911ರ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಒಳಗೆ ಕಾಲಿಟ್ಟರು.

ಮೊದಲ ನಿರ್ದೇಶಕರಾಗಿ ಬಂದ ಮಾರಿಸ್ ಟ್ರಾವರ್ಸ್ ಅಪ್ಪಟ ಅಜೈವಿಕ ರಸಾಯನದವರು. ರಾಮ್ಸೆಯವರ ಜೊತೆಗೂಡಿ 1898ರ ಒಂದೇ ವರ್ಷದಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಎಂಬ ಮೂರು ಮೂಲವಸ್ತುಗಳನ್ನು ಕಂಡುಹಿಡಿದಿದ್ದರು. ಅವರ ವಿಧಾನಕ್ಕೂ ನಮ್ಮ ಹಳ್ಳಿಯ ಸಾರಾಯಿ ಭಟ್ಟಿಗೂ ದೂರದ ನಂಟು. ಗಾಳಿಯನ್ನು ತಣಿಸಿ ತಣಿಸಿ ನೀರಿನಂತೆ ಮಾಡುವುದು, ಆಮೇಲೆ ಅದನ್ನು ನಿಧಾನವಾಗಿ ಆವಿಯಾಗಲು ಬಿಡುವುದು. ಯಾವುದು ಬೇಗ ಕುದಿಯುತ್ತದೋ ಅದು ಮೊದಲು ಹೋಗುತ್ತದೆ. ತಳದಲ್ಲಿ ಉಳಿದ ಗಷ್ಟನ್ನು ಬೆಳಕಿನ ಪರೀಕ್ಷೆಗೆ ಒಡ್ಡಿದರೆ, ಯಾರೂ ಕಾಣದ ಗೆರೆಗಳು ಕಾಣುತ್ತವೆ. ಕ್ರಿಪ್ಟಾನ್ ಸಿಕ್ಕಿದ್ದು ಹಾಗೆ ಉಳಿದ ಗಷ್ಟಿನಲ್ಲೇ.

ಟ್ರಾವರ್ಸ್ 1906ರ ಕೊನೆಗೆ ಬೆಂಗಳೂರಿಗೆ ಬಂದಾಗ ಇಲ್ಲಿ ಕಟ್ಟಡವಿರಲಿಲ್ಲ. ನೆಲ ನೋಡಿ, ನಕ್ಷೆ ಬರೆಸಿ, ಉಪಕರಣ ತರಿಸಿ, ಸಾಮಾನ್ಯ ರಸಾಯನ, ಅನ್ವಯಿಕ ರಸಾಯನ, ವಿದ್ಯುತ್ ತಂತ್ರಜ್ಞಾನ ಎಂಬ ವಿಭಾಗಗಳನ್ನು ಅವರು ಆರಂಭಿಸಿದರು. ಮೂರರಲ್ಲಿ ಎರಡು ರಸಾಯನದವೇ ಎಂಬುದನ್ನು ಗಮನಿಸಬೇಕು. ಸಂಸ್ಥೆಯ ಆಡಳಿತದೊಂದಿಗೆ ಹೊಂದಿಕೆಯಾಗದೆ ಅವರು 1914ರಲ್ಲಿ ಇಂಗ್ಲೆಂಡಿಗೆ ಮರಳಿದರು. ಸಾಮಾನ್ಯ ರಸಾಯನ ಉಳಿಯಿತು. ಕಾಲಕಾಲಕ್ಕೆ ಕವಲೊಡೆದು ಅಜೈವಿಕ ಮತ್ತು ಭೌತ ರಸಾಯನ ವಿಭಾಗವಾಗಿ ಬೆಳೆಯಿತು. ಸಂಸ್ಥೆ ತೆರೆದ ಅದೇ 1911ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸ್, ಪಾದರಸವನ್ನು ನಿರಪೇಕ್ಷ ಸೊನ್ನೆಯ ಹತ್ತಿರಕ್ಕೆ ತಣಿಸಿದಾಗ ವಿದ್ಯುತ್ತಿಗೆ ಅದರ ತಡೆಯೇ ಮಾಯವಾಗುವುದನ್ನು ಕಂಡರು. ಅತಿವಾಹಕತೆ ಎಂಬ ಆ ಸಂಗತಿ ಬೆಂಗಳೂರಿನ ಅಂಗಳಕ್ಕೆ ಬರಲು 76 ವರ್ಷ ಹಿಡಿಯಿತು.

ಬಸವನಗುಡಿಯ ಹುಡುಗ

ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1934ರ ಜೂನ್ 30ರಂದು. ತಂದೆ ಹನುಮಂತ ನಾಗೇಶ ರಾವ್ ಶಾಲಾ ಇನ್‌ಸ್ಪೆಕ್ಟರು. ತಾಯಿ ನಾಗಮ್ಮ ಮನೆಯಲ್ಲೇ ಪುರಾಣದ ಕಥೆಗಳನ್ನೂ ಲೆಕ್ಕವನ್ನೂ ಕಲಿಸಿದವರು. ಹುಡುಗ ನೇರವಾಗಿ ಮಾಧ್ಯಮಿಕ ಶಾಲೆಗೆ ಸೇರಿದಾಗ ವಯಸ್ಸು ಆರು. ತರಗತಿಗೆಲ್ಲ ಕಿರಿಯನಾದರೂ ಗೆಳೆಯರಿಗೆ ಗಣಿತ, ಇಂಗ್ಲಿಷು ಹೇಳಿಕೊಡುತ್ತಿದ್ದ. ಏಳನೆಯ ತರಗತಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದಾಗ ಅಪ್ಪ ಇನಾಮಾಗಿ ಕೊಟ್ಟದ್ದು ನಾಲ್ಕಾಣೆ.

ಮುಂದಿನ ಓದು ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ. ಮನೆಯಲ್ಲಿ ಇಂಗ್ಲಿಷ್ ಮಾತು ರೂಢಿಯಲ್ಲಿದ್ದರೂ ಮಗನನ್ನು ತಂದೆ ಸೇರಿಸಿದ್ದು ಕನ್ನಡ ಮಾಧ್ಯಮಕ್ಕೆ. ತಾಯ್ನುಡಿ ಕೈಬಿಡಬಾರದು ಎಂಬುದು ಅವರ ಎಣಿಕೆ. ರಸಾಯನಶಾಸ್ತ್ರದ ರುಚಿ ಹತ್ತಿದ್ದು ಈ ಶಾಲೆಯಲ್ಲೇ. ಮುಂದೊಂದು ದಿನ ಭಾರತರತ್ನ ಪಡೆದವರು ಆಮ್ಲ, ಪ್ರತ್ಯಾಮ್ಲ, ಲವಣಗಳ ಮಾತನ್ನು ಮೊದಲು ಕೇಳಿದ್ದು ಕನ್ನಡದಲ್ಲಿ ಎಂಬುದನ್ನು ಗಡಿಯ ಶಾಲೆಗಳ ಗೋಡೆಯ ಮೇಲೆ ಬರೆಸಿಟ್ಟರೂ ತಪ್ಪಿಲ್ಲ. ಸಿ.ವಿ. ರಾಮನ್ ಅವರನ್ನು ಹುಡುಗ ಕಂಡದ್ದೂ ಹೈಸ್ಕೂಲಿನ ದಿನಗಳಲ್ಲೇ.

1947ರಲ್ಲಿ ಎಸ್ಸೆಸ್ಸೆಲ್ಸಿ. ಆಮೇಲೆ ಸೆಂಟ್ರಲ್ ಕಾಲೇಜು. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿಎಸ್ಸಿ ಪ್ರಥಮ ದರ್ಜೆಯಲ್ಲಿ ಕೈಗೆ ಬಂದಾಗ ಅವರಿಗೆ ಹದಿನೇಳು. ಕೆಮಿಕಲ್ ಎಂಜಿನಿಯರಿಂಗ್ ಓದುವ ಯೋಚನೆಯಿತ್ತು. ಮೇಷ್ಟ್ರೊಬ್ಬರ ಮಾತು ಕೇಳಿ ಕಾಶಿಗೆ ಹೊರಟರು. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ 1953ಕ್ಕೆ ಎಂಎಸ್ಸಿ ಮುಗಿಯಿತು. ಖರಗ್‌ಪುರದ ಐಐಟಿ ಕರೆಯಿತು, ಅಮೆರಿಕದ ನಾಲ್ಕು ವಿಶ್ವವಿದ್ಯಾನಿಲಯಗಳೂ ಕರೆದವು. ಅವರು ಆರಿಸಿಕೊಂಡದ್ದು ಪರ್ಡ್ಯೂ. ಎರಡು ವರ್ಷ ಒಂಬತ್ತು ತಿಂಗಳಲ್ಲಿ ಡಾಕ್ಟರೇಟ್ ಮುಗಿಸಿ, ಬರ್ಕ್ಲಿಯಲ್ಲಿ ಕೆನೆತ್ ಪಿಟ್ಸರ್ ಅವರ ಬಳಿ ಕೆಲಸ ಮಾಡಿದರು. ಲೈನಸ್ ಪೌಲಿಂಗ್ ಅವರ ರಾಸಾಯನಿಕ ಬಂಧದ ಪುಸ್ತಕ ಓದಿ ಮನಸೋತಿದ್ದವರು ಅವರು. ಮುಂದೆ ತಮ್ಮ ಹುದ್ದೆಗೇ ಪೌಲಿಂಗ್ ಹೆಸರನ್ನು ಇಟ್ಟುಕೊಂಡರು.

ಬೆಂಗಳೂರು, ಕಾನ್ಪುರ, ಮತ್ತೆ ಬೆಂಗಳೂರು

1959ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಲೆಕ್ಚರರ್ ಆಗಿ ಬಂದರು. ಅಮೆರಿಕದಲ್ಲಿ ಇದ್ದುಬಿಡುವುದು ಸುಲಭವಾಗಿತ್ತು. ಹೊರದೇಶದಲ್ಲಿ ಕೈಗೆಟಕುತ್ತಿದ್ದ ಉಪಕರಣಗಳು ಇಲ್ಲಿರಲಿಲ್ಲ. ಇದ್ದದ್ದರಲ್ಲಿ ಏನು ಮಾಡಬಹುದೋ ಅದನ್ನು ಮಾಡಿದರು: ರೋಹಿತ ದರ್ಶನದ ಪ್ರಯೋಗಗಳು, ಅದರ ಮೇಲೊಂದು ಪಠ್ಯ. ಅತಿನೇರಳೆ ಮತ್ತು ದೃಗ್ಗೋಚರ ರೋಹಿತಗಳ ಬಗೆಗಿನ ಅವರ ಇಂಗ್ಲಿಷ್ ಪುಸ್ತಕ 1961ರಲ್ಲಿ ಹೊರಬಂದು ಹಲವು ದೇಶಗಳ ವಿದ್ಯಾರ್ಥಿಗಳ ಕೈ ಸೇರಿತು. ಬರೆದವರಿಗೆ ಆಗ ಮೂವತ್ತೂ ತುಂಬಿರಲಿಲ್ಲ.

1963ರಲ್ಲಿ ಕಾನ್ಪುರ. ಹೊಸದಾಗಿ ಏಳುತ್ತಿದ್ದ ಅಲ್ಲಿನ ಐಐಟಿಯನ್ನು ಕಟ್ಟುತ್ತಿದ್ದವರು ಧಾರವಾಡದಲ್ಲಿ ಹುಟ್ಟಿದ ಪಿ.ಕೆ. ಕೇಳ್ಕರ್. ಕೇಳ್ಕರ್ ಅವರು ಎಳೆಯ ಅಧ್ಯಾಪಕರಿಗೆ ಕೈತುಂಬ ಕೆಲಸ, ಕೈತುಂಬ ಸ್ವಾತಂತ್ರ್ಯ ಕೊಟ್ಟರು. ರಾವ್ ಅವರು ರಸಾಯನ ವಿಭಾಗವನ್ನು ಬೆಳೆಸಿದ್ದು ಅಲ್ಲಿ. ತಮ್ಮ ಜೀವನದ ವಿಷಯವನ್ನು ಹಿಡಿದದ್ದೂ ಅಲ್ಲೇ. ಆ ವಿಷಯ ಘನಸ್ಥಿತಿ ರಸಾಯನ, ಅದರಲ್ಲೂ ಲೋಹದ ಆಕ್ಸೈಡುಗಳು.

ಆಗಿನ ಕಾಲಕ್ಕೆ ಇದು ಗೌರವದ ವಿಷಯವೆನಿಸಿರಲಿಲ್ಲ. ರಸಾಯನ ಎಂದರೆ ದ್ರಾವಣ, ಸೀಸೆ, ಬಟ್ಟಿ ಇಳಿಸುವಿಕೆ. ಪುಡಿಯನ್ನು ಕುಟ್ಟಿ, ಬಿಲ್ಲೆ ಮಾಡಿ, ಕುಲುಮೆಗೆ ಹಾಕುವುದು ಕುಂಬಾರಿಕೆಯ ಪಾಲಿನದು. ಪಿಂಗಾಣಿ ಮಾಡುವವರ ಕೆಲಸ ವಿಜ್ಞಾನ ಹೇಗಾಗುತ್ತದೆ ಎಂದು ಕೇಳಿದವರಿದ್ದರು. ರಾವ್ ಅವರಿಗೆ ಆ ಬಿಲ್ಲೆಯೊಳಗೆ ಬೇರೆ ಲೋಕವಿದೆಯೆಂದು ಕಂಡಿತ್ತು. ಪೆರೋವ್‌ಸ್ಕೈಟ್ ಎಂಬ ಖನಿಜವನ್ನು ತೆಗೆದುಕೊಳ್ಳಿ. ಯೂರಲ್ ಪರ್ವತಗಳಲ್ಲಿ 1839ರಲ್ಲಿ ಸಿಕ್ಕಿದ ಕಲ್ಲು. ಅದರ ಕಟ್ಟಡ ಘನಾಕಾರದ್ದು: ಮೂಲೆಗಳಲ್ಲಿ ದೊಡ್ಡ ಲೋಹ, ನಡುವೆ ಚಿಕ್ಕ ಲೋಹ, ಆ ಚಿಕ್ಕದನ್ನು ಸುತ್ತುವರಿದ ಆರು ಆಮ್ಲಜನಕಗಳು. ಮನೆಯ ನಕ್ಷೆ ಹಾಗೇ ಇಟ್ಟು ಒಳಗಿನ ಬಾಡಿಗೆದಾರನನ್ನು ಬದಲಿಸಿದರೆ, ಅಂದರೆ ಟೈಟಾನಿಯಂ ತೆಗೆದು ಕೋಬಾಲ್ಟ್ ಇಟ್ಟರೆ, ಮ್ಯಾಂಗನೀಸ್ ಇಟ್ಟರೆ, ಅದೇ ನಕ್ಷೆಯ ಮನೆ ಒಮ್ಮೆ ವಿದ್ಯುತ್ ನಿರೋಧಕ, ಒಮ್ಮೆ ಲೋಹದಂಥ ವಾಹಕ, ಒಮ್ಮೆ ಅಯಸ್ಕಾಂತ. ಲ್ಯಾಂಥನಂ ಕೋಬಾಲ್ಟೇಟ್‌ನಲ್ಲಿ ಬಿಸಿ ಏರಿದಂತೆ ಕೋಬಾಲ್ಟಿನ ಎಲೆಕ್ಟ್ರಾನುಗಳು ಜೋಡಿ ಬಿಟ್ಟು ಬೇರೆಯಾಗುವ ಬಗೆಯನ್ನು ಅವರೂ ಅವರ ಒಡನಾಡಿಗಳೂ ವರ್ಷಗಟ್ಟಲೆ ಬೆನ್ನಟ್ಟಿದರು.

1976ರಲ್ಲಿ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸತೀಶ್ ಧವನ್ ಕರೆದಾಗ ರಾವ್ ಬೆಂಗಳೂರಿಗೆ ಮರಳಿದರು. ಇಲ್ಲಿ ಘನಸ್ಥಿತಿ ಮತ್ತು ರಚನಾ ರಸಾಯನ ಘಟಕವನ್ನು ಹೊಸದಾಗಿ ಹುಟ್ಟುಹಾಕಿದರು. ಟ್ರಾವರ್ಸ್ ಬಿಟ್ಟುಹೋದ ವಿಭಾಗದ ಪಕ್ಕದಲ್ಲಿ, ಅಂಥದೇ ಬೇರಿನ ಇನ್ನೊಂದು ಗಿಡ. 1984ರಿಂದ 1994ರವರೆಗೆ ಇಡೀ ಸಂಸ್ಥೆಯ ನಿರ್ದೇಶಕರಾಗಿದ್ದರು. ನಿರ್ದೇಶಕರ ಕುರ್ಚಿಯಲ್ಲಿ ಕೂತ ಮೇಲೆ ಪ್ರಯೋಗ ನಿಲ್ಲಿಸುವವರೇ ಹೆಚ್ಚು. ಇವರ ಅತ್ಯಂತ ಬಿರುಸಿನ ಪ್ರಯೋಗಗಳು ನಡೆದದ್ದು ಆ ಹತ್ತು ವರ್ಷಗಳಲ್ಲೇ.

1987ರ ಕರಿ ಬಿಲ್ಲೆ

1986ರಲ್ಲಿ ಜ್ಯೂರಿಕ್‌ನ ಬೆಡ್ನೋರ್ಟ್ಸ್ ಮತ್ತು ಮ್ಯುಲ್ಲರ್ ಅವರು ಲ್ಯಾಂಥನಂ, ಬೇರಿಯಂ, ತಾಮ್ರಗಳ ಆಕ್ಸೈಡೊಂದು ಸುಮಾರು ಮೈನಸ್ 240 ಡಿಗ್ರಿಯಲ್ಲಿ ಅತಿವಾಹಕವಾಗುತ್ತದೆ ಎಂದು ಪ್ರಕಟಿಸಿದರು. ಭೌತ ವಿಜ್ಞಾನಿಗಳಿಗೆ ಇದು ಸಿಡಿಲೆರಗಿದಂತೆ. ಪಿಂಗಾಣಿಯಂಥ ವಸ್ತುವಿನಲ್ಲಿ ಅತಿವಾಹಕತೆಯೇ! ಆದರೆ ಆ ಕುಟುಂಬದ ಲ್ಯಾಂಥನಂ ತಾಮ್ರ ಆಕ್ಸೈಡು ಬೆಂಗಳೂರಿನವರಿಗೆ ಹಳೆಯ ಪರಿಚಯ. ರಾವ್ ಮತ್ತು ಪಿ. ಗಂಗೂಲಿ ಅದರ ನಡತೆಯನ್ನು ಆ ಮೊದಲೇ ಬರೆದಿಟ್ಟಿದ್ದರು.

1987ರ ಆರಂಭದಲ್ಲಿ ಅಮೆರಿಕದಿಂದ ಇನ್ನೂ ದೊಡ್ಡ ಸುದ್ದಿ ಬಂತು. ಲ್ಯಾಂಥನಂ ಜಾಗದಲ್ಲಿ ಯಿಟ್ರಿಯಂ ಹಾಕಿದ ಮಿಶ್ರಣ ಮೈನಸ್ 180 ಡಿಗ್ರಿಯಲ್ಲೇ ಅತಿವಾಹಕ. ದ್ರವ ಸಾರಜನಕದ ಕುದಿಬಿಂದು ಮೈನಸ್ 196. ಅಂದರೆ ದುಬಾರಿ ದ್ರವ ಹೀಲಿಯಂ ಬೇಕಿಲ್ಲ, ಹಾಲಿನ ಕ್ಯಾನಿನಂಥ ಪಾತ್ರೆಯಲ್ಲಿ ತಂದುಕೊಳ್ಳಬಹುದಾದ ದ್ರವ ಸಾರಜನಕ ಸಾಕು. ಈ ಸಾರಜನಕವನ್ನು ತೆಗೆಯುವುದೂ ದ್ರವಗಾಳಿಯಿಂದಲೇ, ಟ್ರಾವರ್ಸ್ ಕ್ರಿಪ್ಟಾನ್ ಹುಡುಕಿದ ಅದೇ ದಾರಿಯಲ್ಲಿ.

ತೊಂದರೆ ಒಂದಿತ್ತು. ಆ ಮೊದಲ ಮಾದರಿ ಕಲಬೆರಕೆ. ಒಂದಿಷ್ಟು ಹಸಿರು, ಒಂದಿಷ್ಟು ಕಪ್ಪು. ಅತಿವಾಹಕತೆ ಯಾವುದರದ್ದು? ಜಗತ್ತಿನ ಪ್ರಯೋಗಶಾಲೆಗಳೆಲ್ಲ ರಾತ್ರಿ ದೀಪ ಆರಿಸದೆ ದುಡಿದ ದಿನಗಳವು. ಉತ್ತರ ಕೊಡಬೇಕಾದವರು ಕಲ್ಲಿನ ರಸಾಯನ ಬಲ್ಲವರು. ಬೆಂಗಳೂರಿನ ಗುಂಪು ಯಿಟ್ರಿಯಂ, ಬೇರಿಯಂ, ತಾಮ್ರಗಳು ಒಂದು, ಎರಡು, ಮೂರು ಎಂಬ ಲೆಕ್ಕದಲ್ಲಿ ಕೂಡಿದ ಕಪ್ಪು ಆಕ್ಸೈಡೇ ಅತಿವಾಹಕ ಎಂದು ತಾನಾಗಿಯೇ ಗುರುತಿಸಿ, ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಹೊರದೇಶದ ದೊಡ್ಡ ಪ್ರಯೋಗಶಾಲೆಗಳೂ ಅದೇ ವಾರಗಳಲ್ಲಿ ಅದೇ ಉತ್ತರಕ್ಕೆ ಬಂದವು. ಹಸಿರಿನದು ಬರಿಯ ನಿರೋಧಕ.

ಈ ಕರಿ ಬಿಲ್ಲೆ ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಅಂಜಿಕೆ ಹೋಗುತ್ತದೆ. ಯಿಟ್ರಿಯಂ ಆಕ್ಸೈಡ್ ಬಿಳಿ ಪುಡಿ, ಬೇರಿಯಂ ಕಾರ್ಬೊನೇಟ್ ಬಿಳಿ ಪುಡಿ, ತಾಮ್ರದ ಆಕ್ಸೈಡ್ ಮಸಿಗಪ್ಪು. ಲೆಕ್ಕಕ್ಕೆ ಸರಿಯಾಗಿ ತೂಗಿ ಅಗೇಟ್ ಕಲ್ಲಿನ ಖಲ್ಲಿನಲ್ಲಿ ಅರೆಯಬೇಕು. ನಾಟಿ ವೈದ್ಯರು ಖಲ್ಲಿನಲ್ಲಿ ಭಸ್ಮ ಅರೆಯುವಷ್ಟೇ ತಾಳ್ಮೆ ಬೇಕು. ಕಣ ಕಣಕ್ಕೆ ತಾಗದಿದ್ದರೆ ಕುಲುಮೆಯಲ್ಲಿ ಅವು ಕೂಡುವುದಿಲ್ಲ. ಒತ್ತಿ ಬಿಲ್ಲೆ ಮಾಡಿ 900 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಬೇಕು, ತೆಗೆದು ಮತ್ತೆ ಅರೆಯಬೇಕು, ಮತ್ತೆ ಕಾಯಿಸಬೇಕು. ಕೊನೆಗೆ ಆಮ್ಲಜನಕ ಹಾಯಿಸುತ್ತ ಮೆಲ್ಲಗೆ ತಣಿಸಬೇಕು. ಅವಸರ ಮಾಡಿದರೆ ಆಮ್ಲಜನಕ ಕಡಿಮೆಯಾಗಿ ಬಿಲ್ಲೆ ಕೆಲಸಕ್ಕೆ ಬಾರದು. ಸರಿಯಾಗಿ ಬಂದ ಬಿಲ್ಲೆಯನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ ಮೇಲೊಂದು ಪುಟ್ಟ ಅಯಸ್ಕಾಂತ ಇಟ್ಟರೆ, ಅದು ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ತೇಲಿ ನಿಲ್ಲುತ್ತದೆ.

ಇದರಲ್ಲಿನ ಎರಡು ಲೋಹಗಳು ನಮ್ಮ ಮಕ್ಕಳಿಗೆ ಹೊಸಬರಲ್ಲ. ತಾಮ್ರವೆಂದರೆ ತೋಟಕ್ಕೆ ಸುಣ್ಣ ಬೆರೆಸಿ ಹೊಡೆಯುವ ಮೈಲುತುತ್ತದ ನೀಲಿ. ಬೇರಿಯಂ ಎಂದರೆ ಲವಣ ಪರೀಕ್ಷೆಯ ತಾಸಿನಲ್ಲಿ ಬರ್ನರಿನ ಜ್ವಾಲೆಗೆ ಬರುವ ಸೇಬಿನ ಹಸಿರು.

ಅಕ್ಕಪಕ್ಕದ ಮೇಜುಗಳು

ಒಬ್ಬರ ಹೆಸರು ಹೇಳಿ ಉಳಿದವರನ್ನು ಮರೆತರೆ ಸಂಸ್ಥೆಯ ಚರಿತ್ರೆಗೆ ಅನ್ಯಾಯ. ಅದೇ ಆವರಣದ ಅಜೈವಿಕ ಮತ್ತು ಭೌತ ರಸಾಯನ ವಿಭಾಗದಲ್ಲಿ ಎ.ಆರ್. ವಾಸುದೇವಮೂರ್ತಿ ಅವರು ಸಿಲಿಕಾನ್ ಬೆನ್ನು ಹತ್ತಿದ್ದರು. ನಮ್ಮ ಬೆಣಚುಕಲ್ಲಿನಲ್ಲಿ ಕಟ್ಟಿಬಿದ್ದ ಸಿಲಿಕಾನನ್ನು ಬಿಡಿಸಿ, ಸೌರಕೋಶಕ್ಕೂ ಎಲೆಕ್ಟ್ರಾನಿಕ್ಸಿಗೂ ಒಗ್ಗುವಷ್ಟು ಶುದ್ಧಮಾಡುವ ಕೆಲಸ. ಆ ತಂತ್ರವನ್ನು ಕಾವೇರಿ ದಂಡೆಯ ಮೆಟ್ಟೂರಿನ ಮೆಟ್‌ಕೆಮ್ ಕಾರ್ಖಾನೆ ಕೈಗೆತ್ತಿಕೊಂಡಿತು. ಗಡಿಯ ಆಚೆ ಈಚೆ ಒಂದೇ ನದಿ ಹರಿಯುವಂತೆ ವಿದ್ಯೆಯೂ ಹರಿದ ಉದಾಹರಣೆ ಇದು. ಬತ್ತದ ಹೊಟ್ಟಿನ ಬೂದಿಯಲ್ಲಿರುವ ಸಿಲಿಕಾದ ಮೇಲೂ ಅವರ ಕಣ್ಣಿತ್ತು.

ಇನ್ನೊಂದು ಮೇಜು ಕೆ.ಸಿ. ಪಾಟೀಲರದು. 1988ರಲ್ಲಿ ಅವರೂ ಅವರ ವಿದ್ಯಾರ್ಥಿ ಜೆ.ಜೆ. ಕಿಂಗ್ಸ್‌ಲಿಯವರೂ ಪ್ರಕಟಿಸಿದ ವಿಧಾನ ರೈತನ ಮನೆಯ ಸಾಮಾನಿನಿಂದ ಶುರುವಾಗುತ್ತದೆ. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಸೇರಿಸಿ ಸ್ವಲ್ಪ ನೀರಿನಲ್ಲಿ ಕರಗಿಸಿ, 500 ಡಿಗ್ರಿಗೆ ಕಾಯಿಸಿದ ಕುಲುಮೆಯೊಳಗೆ ಇಡುತ್ತಾರೆ. ದ್ರಾವಣ ಕುದಿದು, ನೊರೆಯೆದ್ದು, ಭಗ್ಗನೆ ಹೊತ್ತಿಕೊಳ್ಳುತ್ತದೆ. ಐದೇ ನಿಮಿಷ. ಬಟ್ಟಲಿನ ತುಂಬ ಉಬ್ಬಿ ನಿಂತ ಹಗುರ ಬಿಳಿ ನೊರೆಯೇ ಅಲ್ಯೂಮಿನಾ. ಹಳೆಯ ವಿಧಾನದಲ್ಲಿ ಇದಕ್ಕೆ ಸಾವಿರ ಡಿಗ್ರಿಗೂ ಮೀರಿದ ಶಾಖ, ಗಂಟೆಗಳ ಕಾವಲು ಬೇಕು. ಇಲ್ಲಿ ಯೂರಿಯಾವೇ ಉರುವಲು, ನೈಟ್ರೇಟೇ ಆಮ್ಲಜನಕ ಒದಗಿಸುವುದು. ಬೇಕಾದ ಬೆಂಕಿಯನ್ನು ಮಿಶ್ರಣ ತಾನೇ ಹೊತ್ತಿಸಿಕೊಳ್ಳುತ್ತದೆ. ದಹನ ಸಂಶ್ಲೇಷಣೆ ಎಂಬ ಈ ವಿಧಾನ ಇಂದು ಲೋಕದ ಎಷ್ಟೋ ಪ್ರಯೋಗಶಾಲೆಗಳಲ್ಲಿ ನಿತ್ಯದ ಕೆಲಸ.

ಜಕ್ಕೂರಿನ ಕೇಂದ್ರ

ನೆಹರೂ ಜನ್ಮಶತಾಬ್ದಿಯ 1989ರಲ್ಲಿ ರಾವ್ ಅವರು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಬೆಂಗಳೂರಿನ ಉತ್ತರಕ್ಕೆ ಜಕ್ಕೂರಿನಲ್ಲಿ ಅದರ ಆವರಣವಿದೆ. ಇಂಗಾಲದ ನ್ಯಾನೊ ಕೊಳವೆಗಳು, ಗ್ರಾಫೀನ್ ಮತ್ತು ಅದರಂತೆ ಪದರವಾಗಿ ಏಳುವ ಮಾಲಿಬ್ಡಿನಂ ಸಲ್ಫೈಡ್, ಕಾಂತಕ್ಷೇತ್ರ ತಾಗಿದೊಡನೆ ವಿದ್ಯುತ್ ತಡೆ ಕುಸಿಯುವ ಮ್ಯಾಂಗನೀಸ್ ಆಕ್ಸೈಡುಗಳು: ಅವರ ಮುಂದಿನ ದಶಕಗಳ ಕೆಲಸ ಹೆಚ್ಚಾಗಿ ಇಲ್ಲಿಯದು. ಲೈನಸ್ ಪೌಲಿಂಗ್ ಸಂಶೋಧನ ಪ್ರಾಧ್ಯಾಪಕ ಎಂಬ ಹುದ್ದೆಯೂ ಇಲ್ಲಿಯದೇ. ಅವರ ಸಂಶೋಧನ ಪ್ರಬಂಧಗಳ ಎಣಿಕೆ 1500ನ್ನು ದಾಟಿತು.

ಗೌರವಗಳ ಪಟ್ಟಿಯನ್ನು ಚುಟುಕಾಗಿ ಹೇಳುವುದಾದರೆ: 1974ರಲ್ಲಿ ಪದ್ಮಶ್ರೀ, 1982ರಲ್ಲಿ ರಾಯಲ್ ಸೊಸೈಟಿಯ ಫೆಲೋ, 1985ರಲ್ಲಿ ಪದ್ಮವಿಭೂಷಣ, 2000ದಲ್ಲಿ ಹ್ಯೂಸ್ ಪದಕ, 2005ರಲ್ಲಿ ಡಾನ್ ಡೇವಿಡ್ ಪ್ರಶಸ್ತಿ, 2009ರಲ್ಲಿ ರಾಯಲ್ ಪದಕ. ಕನ್ನಡನಾಡು ಕರ್ನಾಟಕ ರತ್ನ ಕೊಟ್ಟಿತು. 2013ರ ನವೆಂಬರ್ 16ರಂದು ಭಾರತರತ್ನ ಘೋಷಣೆಯಾಯಿತು. ಅದೇ ದಿನ ಸಚಿನ್ ತೆಂಡೂಲ್ಕರ್ ಹೆಸರೂ ಬಂದದ್ದರಿಂದ ಅನೇಕರಿಗೆ ಒಂದೇ ಹೆಸರು ಕೇಳಿಸಿತು. 2014ರ ಫೆಬ್ರವರಿ 4ರಂದು ರಾಷ್ಟ್ರಪತಿ ಭವನದಲ್ಲಿ ಇಬ್ಬರೂ ಅದನ್ನು ಸ್ವೀಕರಿಸಿದರು.

ಇವಕ್ಕಿಂತ ಗಡಿನಾಡಿಗೆ ಹತ್ತಿರದ ಸಂಗತಿ ಇನ್ನೊಂದಿದೆ. ಪ್ರಧಾನಿಯವರ ವಿಜ್ಞಾನ ಸಲಹಾ ಮಂಡಳಿಯ ಅಧ್ಯಕ್ಷತೆ ಎರಡು ಬಾರಿ ವಹಿಸಿದವರು, ಶಾಲೆಯ ಮಕ್ಕಳ ಮುಂದೆ ಕೂತು ರಸಾಯನದ ಪಾಠ ಹೇಳುವುದನ್ನು ಬಿಡಲಿಲ್ಲ. ಪತ್ನಿ ಇಂದುಮತಿ ರಾವ್ ಅವರೊಡನೆ ಸೇರಿ ಜಕ್ಕೂರಿನ ಕೇಂದ್ರದಲ್ಲಿ ಮಕ್ಕಳಿಗೂ ಮೇಷ್ಟ್ರುಗಳಿಗೂ ಬೇಕಾದ ಪಾಠಸಾಮಗ್ರಿ ಮಾಡಿಸಿದರು. ಹಳ್ಳಿಯ ಶಾಲೆಗಳಲ್ಲಿ ಜಾಣತನಕ್ಕೆ ಕೊರತೆಯಿಲ್ಲ, ಅವಕಾಶಕ್ಕೆ ಮಾತ್ರ ಕೊರತೆ ಎಂಬ ನಿಲುವು ಅವರದು. ನಾಲ್ಕಾಣೆಯ ಇನಾಮಿನಿಂದ ಓದಿನ ರುಚಿ ಕಂಡವರಿಗೆ ಇದು ತಿಳಿಯದ್ದೇನಲ್ಲ.

ನಮ್ಮ ಪಾಲಿನ ಕೆಲಸ

ಈ ಇಡೀ ಕಥೆಯಲ್ಲಿ ಮತ್ತೆ ಮತ್ತೆ ಕಾಣುವುದು ಮೇಜು. ಅಷರ್ ಮತ್ತು ಸಂಜೀವರಾವ್ ಗಾಳಿ ಅಳೆದ ಮೇಜು, ಟ್ರಾವರ್ಸ್ ಹಾಕಿಸಿದ ಮೇಜು, ಕರಿ ಬಿಲ್ಲೆ ಅರೆದ ಮೇಜು. ಕುಶಾಗ್ರಮತಿಗಳು ಎಲ್ಲ ಊರಲ್ಲೂ ಹುಟ್ಟುತ್ತಾರೆ. ಕೈಯಿಡಲು ಮೇಜು ಸಿಕ್ಕಿದ ಊರಿನವರು ರಸಾಯನ ವಿಜ್ಞಾನಿಗಳಾಗುತ್ತಾರೆ. ಕನ್ನಡ ಮಾಧ್ಯಮ ರಾವ್ ಅವರಿಗೆ ಅಡ್ಡಿಯಾಗಲಿಲ್ಲ. ಮೇಜಿಲ್ಲದ ಶಾಲೆ ಮಾತ್ರ ಯಾವ ಮಾಧ್ಯಮದಲ್ಲಿದ್ದರೂ ಅಡ್ಡಿಯೇ.

ಗಡಿಯ ಕನ್ನಡ ಶಾಲೆಗಳಿಗೆ ಪುಸ್ತಕದ ಚಿಂತೆಯಿದೆ, ಮೇಷ್ಟ್ರ ಚಿಂತೆಯಿದೆ, ಮಕ್ಕಳ ಸಂಖ್ಯೆಯ ಚಿಂತೆಯಿದೆ. ಅವುಗಳ ನಡುವೆ ಪ್ರಯೋಗಶಾಲೆಯ ಬೀರುವಿಗೆ ಹಾಕಿದ ಬೀಗ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಸಂಚಿಕೆ ಕೈಗೆ ಬಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಬಂದಾಗ ಶಾಲೆಗೆ ಹೋಗಿ ಆ ಬೀಗ ತೆಗೆಸಿ. ಪ್ರನಾಳ ಎಷ್ಟಿವೆ, ಬರ್ನರ್ ಉರಿಯುತ್ತದೆಯೇ, ತಕ್ಕಡಿ ನಿಲ್ಲುತ್ತದೆಯೇ ನೋಡಿ. ಇಲ್ಲದ್ದನ್ನು ತಂದುಕೊಡಿ. ಮೊದಲ ಪಾಠಕ್ಕೆ ಸಾಮಾನು ಹುಡುಕಬೇಕಾಗಿಲ್ಲ, ಶಾಲೆಯ ಹಿಂದಿನ ಬಂಡೆಯಿಂದ ಒಂದು ಚೂರು ಕಲ್ಲು ಸಾಕು.